ಮೇಲಿನ ಗೇಟು ಮುಚ್ಚಿ ಆಡಿದ ಆಟ

ಸುರಂಗ, ನಿಧಿ, ಕಲ್ಲಿನ ಬಾಗಿಲುಗಳ ಒಂದು ವಿಡಿಯೊ ಗೇಮಿನ, ಒಂದರ ಹಿಂದೊಂದು ಬಂದ ಭಾಗಗಳಲ್ಲಿ ಈಚಿನದೊಂದನ್ನು ಬಿಟ್ಟು ಎಲ್ಲವನ್ನೂ ನಾನು ಆಡಿ ಮುಗಿಸಿದ್ದೇನೆ. ಯಾವುದನ್ನು ಯಾವಾಗ ಶುರುಮಾಡಿದೆ, ಯಾವಾಗ ಮುಗಿಸಿದೆ ಎಂಬುದು ದಿನಚರಿಯಲ್ಲಿದೆ. ಚಿತ್ರ, ಸದ್ದು, ಕಥೆ ಎಂದು ಒಂದೊಂದಕ್ಕೂ ಅಂಕ ಕೊಡುವುದು ನನ್ನ ರೂಢಿ. ಕೂಡಿಸಿದರೆ ಪ್ರತಿ ಸಲವೂ ಆಮೇಲೆ ಬಂದದ್ದೇ ಗೆಲ್ಲುತ್ತದೆ. ಆದರೆ ಮತ್ತೆ ಆಡಬೇಕೆನಿಸುವುದು ಎರಡನೆಯದನ್ನು.

ಟಿವಿಗೆ ಜೋಡಿಸಿ ಆಡುವ ಅದರ ಕ್ಯಾಸೆಟ್ಟನ್ನು ಅಪ್ಪ ಯಾದಗಿರಿಯಿಂದ ತಂದಿದ್ದರು. ನಮ್ಮೂರು ಶಹಾಪುರದ ಕಡೆ, ಕಾಲುವೆಯ ಕೊನೆಯಲ್ಲಿ. ಮೇಲಿನ ಊರುಗಳವರು ಭತ್ತಕ್ಕೆ ನೀರು ಬಿಟ್ಟುಕೊಂಡು ಉಳಿದರೆ ನಮ್ಮ ಹತ್ತಿಗೆ. ಮನೆಯಲ್ಲಿ ಊಟಕ್ಕೆ ಕುಳಿತರೂ ಅದೇ ಮಾತು.

ಆಟದಲ್ಲಿ ಗುಂಡಿ ಒತ್ತುವವನು ನಾನು, ದಾರಿ ಹೇಳುವವಳು ಅಕ್ಕ. ಒಂದು ಕಡೆ ಮೇಲೊಂದು, ಕೆಳಗೊಂದು ಕೊಳ. ಎರಡಕ್ಕೂ ನೀರು ಬಿಡುವ ಗೇಟುಗಳು. ಮುಂದಿನ ಬಾಗಿಲು ಮಾತ್ರ ತೆರೆಯದು.

"ಮ್ಯಾಲಿನ ಗೇಟ್ ಬಂದ್ ಮಾಡೋ. ಎಲ್ಲಾ ಅವರೇ ಕುಡದ್ರ ಕೆಳಗಿನವರಿಗೆ ನೀರ್ ಹೆಂಗ ಬರಬೇಕು?"

"ಕೆಳಗ ಯಾರದಾರ ಅಕ್ಕಾ? ಒಂದು ಮೊಸಳಿ ಅದ."

"ಮೊಸಳಿ ಏನ್ ಪಾಪ ಮಾಡ್ಯದ?"

ದಸರಾ ರಜೆಯಿಂದ ಸಂಕ್ರಾಂತಿಯವರೆಗೆ ನಾವು ಮೊಸಳೆಗೆ ನೀರುಣಿಸಿದೆವು. ಮೇಲಿನ ಕೊಳ ತುಂಬಿದರೆ ಅದರ ತಳದಲ್ಲಿ ಬಿದ್ದ ದೋಣಿ ತೇಲಿ ನಮ್ಮನ್ನು ಬಾಗಿಲಿಗೆ ಒಯ್ಯುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೊಮ್ಮೆ ನನ್ನ ಬೆರಳು ಜಾರಿ ಮೇಲಿನ ಗೇಟು ತೆರೆದುಕೊಂಡಿತು. "ಮ್ಯಾಲಿನ ಊರವರ ಕಡಿ ಸೇರಿದೇನೋ?" ಎಂದು ಅಕ್ಕ ಬೆನ್ನಿಗೆ ಗುದ್ದಿದಳು. ಅಷ್ಟರಲ್ಲಿ ದೋಣಿ ಎದ್ದಿತು. ಇಬ್ಬರೂ ಕೂಗಿದ್ದಕ್ಕೆ ಅವ್ವ ಒಲೆ ಬಿಟ್ಟು ಓಡಿಬಂದಳು.

ಈಗ ಅಕ್ಕ ಕೆಂಭಾವಿಯ ಸೊಸೆ. ಹೊಸ ಭಾಗವನ್ನು ಕೊಂಡಾಗ ನಾನು ತೆರೆಯಲಿಲ್ಲ. ನಾಗರಪಂಚಮಿಗೆ ಅವಳು ತವರಿಗೆ ಬರಲಿ, ಮೊದಲಿನಂತೆ ಕೂಡಿ ಆಡೋಣ ಎಂದು ಕಾದೆ. ಬಂದಳು. ಜೋಕಾಲಿ, ಉಂಡಿ, ನೆರೆಮನೆಯವರ ಮಾತು ಎಲ್ಲ ಮುಗಿದು, ಹೊರಡುವ ದಿನ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕುಳಿತಳು.

ನದಿಯ ನೀರು ನಿಜವಾದದ್ದೇ ಎನಿಸುವಂತಿತ್ತು. ಆದರೆ ಹೆಜ್ಜೆ ಹೆಜ್ಜೆಗೂ ಒಂದು ಹಳದಿ ಬಾಣ ದಾರಿ ತೋರಿಸುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ನೋಡಿದಳು.

"ಎಲ್ಲಾ ಇದೇ ಹೇಳಾಕತ್ತದಲ್ಲೋ ತಮ್ಮಾ. ನಾ ಯಾಕ ಕುಂತೀನಿ ಇಲ್ಲಿ?"

ನಾನು ಗಡಿಬಿಡಿಯಲ್ಲಿ ಸೆಟ್ಟಿಂಗ್ ಹುಡುಕಿ ಬಾಣವನ್ನು ತೆಗೆದೆ. ಅವಳು ಮುಂದಕ್ಕೆ ಬಾಗಿದಳು. "ನದಿ ದಂಡಿ ಹಿಡದು ನಡಿ. ಹಾಂ, ಹಂಗ. ನೀರ್ ಎಲ್ಲಿಗಿ ಹೊಕ್ಕದ ನೋಡೂಣು." ಐದಾರು ನಿಮಿಷ ನಡೆದು ಒಂದು ಮುರಿದ ಸೇತುವೆ ಮುಟ್ಟಿದೆವು. ಎಡಕ್ಕೋ ಬಲಕ್ಕೋ ಎಂದು ಕೇಳಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಭಾವನ ಬೈಕು ನಿಂತಿತು.

"ನೀ ಆಡ್ಕೋತ ಇರು, ಮುಂದ ಏನಾತು ಫೋನಿನ್ಯಾಗ ಹೇಳು," ಎಂದು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ ಎದ್ದಳು.

ಹೊಸದು ಹಳೆಯದಕ್ಕೆ ಸಮವೇ ಎಂದು ಗೆಳೆಯರು ಕೇಳುತ್ತಾರೆ. ಅಂಕ ಕೊಡಬೇಕೆಂದರೆ ಆಟ ಮುಗಿಸಬೇಕು. ನಮ್ಮ ಸಾಹಸಿಗ ಇನ್ನೂ ಆ ಸೇತುವೆಯ ಬಳಿಯೇ ನಿಂತಿದ್ದಾನೆ. ಎಡಕ್ಕೆ ದಾರಿಯಿದೆ, ಬಲಕ್ಕೂ ಇದೆ. ಫೋನಿನಲ್ಲಿ ಅಕ್ಕ ಕೇಳಿದಾಗಲೆಲ್ಲ ಪರೀಕ್ಷೆ ಅದ, ಪುರುಸೊತ್ತಿಲ್ಲ ಎನ್ನುತ್ತೇನೆ.