ಮರುಕೊಯ್ಲು ಡಾಕ್ಟರು

ಆ ಡಾಕ್ಟರಿಗೆ ಶವಾಗಾರದವರು ಬೆನ್ನ ಹಿಂದೆ ಇಟ್ಟ ಹೆಸರು ಮರುಕೊಯ್ಲು. ಹೊರದೇಶದಲ್ಲಿ ಸತ್ತು, ಅಲ್ಲೇ ಒಮ್ಮೆ ಕೊಯ್ಸಿಕೊಂಡು, ಪೆಟ್ಟಿಗೆಯಲ್ಲಿ ಬಂದ ಹೆಣಗಳನ್ನು ಎರಡನೇ ಸಲ ಪರೀಕ್ಷಿಸುವುದು ಅವರ ಕೆಲಸ. ಮೊದಲು ಕೊಯ್ದ ಡಾಕ್ಟರ ಯಾವ ದೇಶದವನಾದರೂ ಇವರ ಬಾಯಲ್ಲಿ ಅವನು ಭಾವನೇ. “ನೋಡ್ರಯ್ಯ ಭಾವನ ಹೊಲಿಗೆ! ಗೋಣಿಚೀಲ ಹೊಲಿಯೋನಿಗೂ ಇದಕ್ಕಿಂತ ಮರ್ಯಾದೆ ಇರುತ್ತೆ!” ಎಂದು ಗುಡುಗಿದರೆ ಕಿಟಕಿಯ ಗಾಜು ನಡುಗುತ್ತದೆ. ಗುಂಡಿಗೆ, ಪಿತ್ತಕೋಶ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊಟ್ಟೆಗೆ ತುರುಕಿದ್ದರೆ “ಸಂತೆಗೆ ಹೋಗಿದ್ನಾ ಭಾವ?” ಎನ್ನುತ್ತಾರೆ. ತಲೆಬುರುಡೆಯಲ್ಲಿ ಮಿದುಳಿನ ಜಾಗಕ್ಕೆ ತುರುಕಿದ ಹಳೇ ಪೇಪರು ಸಿಕ್ಕರೆ, ಓದಲು ಬಾರದ ಭಾಷೆಯಾದರೂ ಬಿಡಿಸಿ ನೋಡಿ, ಅದಕ್ಕೂ ಬೈಯುತ್ತಾರೆ. ಹೆಣ ಕೆಡದಂತೆ ತುಂಬಿದ ಔಷಧಿಯ ಘಾಟಿಗೆ ಉಳಿದವರ ಕಣ್ಣಲ್ಲಿ ನೀರು, ಇವರಿಗೆ ಮಾತ್ರ ಮೂಗಿನ ತುದಿಯಲ್ಲಿ ಕೋಪ. ಮೊನ್ನೆ, ಮನೆಗೆಲಸಕ್ಕೆಂದು ಹೋಗಿದ್ದ ಹುಡುಗಿಯೊಬ್ಬಳು ಹಾಗೆ ಪೆಟ್ಟಿಗೆಯಲ್ಲಿ ಬಂದಳು. ನೇಣು ಹಾಕಿಕೊಂಡಳು ಎಂದಿತ್ತು ಅಲ್ಲಿಯ ವರದಿ. ತಾಯಿ ನಂಬಿರಲಿಲ್ಲ, ಕೊರಳು ನೋಡಿ ನಿಜ ಹೇಳಿ ಎಂದು ಡಾಕ್ಟರ ಕಾಲು ಹಿಡಿದಿದ್ದಳು. ಅವರು ಹೊಲಿಗೆ ಬಿಚ್ಚಿದರು. ಕೊರಳಿನ ತುಂಬ ಹತ್ತಿ ಇತ್ತು. ಗಂಟಲನ್ನು ಭಾವ ತೆಗೆದು ತನ್ನ ದೇಶದಲ್ಲೇ ಇಟ್ಟುಕೊಂಡಿದ್ದ. ಎದ್ದ ಬೈಗುಳ ಬಾಯಲ್ಲೇ ನಿಂತಿತು. ತಾವೇ ಹೊರಗೆ ಹೋಗಿ, ಬೆಂಚಿನ ಮೇಲೆ ತಾಯಿಯ ಪಕ್ಕ ಕೂತರು. “ನೋಡಮ್ಮ, ಅವಳೇ ಹಾಕ್ಕೊಂಡ್ಲೋ, ಯಾರಾದ್ರೂ ಹಿಸುಕಿದ್ರೋ, ಇನ್ನು ಯಾರಿಗೂ ಹೇಳಕ್ಕಾಗಲ್ಲ. ಕೊರಳೊಳಗೆ ಅವರು ಏನೂ ಉಳಿಸಿಲ್ಲ.” ಆಕೆ ಅವರ ಕೈಗಳನ್ನೇ ನೋಡಿದಳು. “ಹಂಗಾದ್ರೆ ನಾನೇ ಸುಮ್ನೆ ಇನ್ನೊಂದ್ಸಲ ಕೊಯ್ಸಿಬಿಟ್ನಲ್ಲಪ್ಪ, ನನ್ನ ಮಗೂನ” ಎಂದಳು.