ಆರ್ಡರಿಗೆ ಕಾದ ಮೇಡಂ

ಬ್ಯಾಡಗಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ಇತಿಹಾಸದ ಅತಿಥಿ ಉಪನ್ಯಾಸಕಿ. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಸೀನುತ್ತಿದ್ದರೆ, ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಓದುತ್ತಿದ್ದರು. ತರಗತಿಯಲ್ಲಿ ಹಳೆಯ ನೋಟ್ಸು ಬರೆಸಿ, ಗಂಟೆ ಹೊಡೆಯುವ ಮೊದಲೇ ಕುರ್ಚಿಗೆ ವಾಪಸ್ ಬಂದು ಮತ್ತೆ ಗೈಡು ತೆರೆಯುತ್ತಿದ್ದರು. ಮದುವೆಯ ಮಾತು ಬಂದರೂ, ಹುಡುಗರು ಟೂರಿಗೆ ಕರೆದರೂ ಒಂದೇ ಉತ್ತರ: "ಪರ್ಮನೆಂಟ್ ಆರ್ಡರ್ ಬರ್ಲಿ ತಡೀರಿ, ಆಮ್ಯಾಲ ನೋಡೂಣು."

ಕೊನೆಯ ಸಲ ಬರೆದ ಪರೀಕ್ಷೆಯಲ್ಲೂ ಆಯ್ಕೆಯಾಗಲಿಲ್ಲ. ವಯಸ್ಸಿನ ಮಿತಿ ದಾಟಿತು. ಗೈಡನ್ನು ಮತ್ತೆ ತರಲಿಲ್ಲ. ಬಿಡುವಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ಕೂತಿರುತ್ತಿದ್ದರು.

ಒಂದು ದಿನ ಅವರ ಪಿರಿಯಡ್ಡಿನ ಗಂಟೆ ಹೊಡೆದ ಮೇಲೆ ನಾನು ನನ್ನ ಪಾಠಕ್ಕೆ ಅದೇ ತರಗತಿಗೆ ಹೋದೆ. ಯಾರೂ ಎದ್ದಿರಲಿಲ್ಲ. ಸ್ವಾತಂತ್ರ್ಯ ಚಳವಳಿಯ ಪಾಠ. ಆದರೆ ಅವರು ಬರೆಸುತ್ತಿರಲಿಲ್ಲ. ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಮೋಟೆಬೆನ್ನೂರಿನ ಹುಡುಗಿಯೊಬ್ಬಳು ನಿಂತು ಹೇಳುತ್ತಿದ್ದಳು: "ಪೊಲೀಸ್ರು ಬಂದಾಗ ನಮ್ಮಜ್ಜಿ ಇಬ್ಬರು ಚಳವಳಿಗಾರರನ್ನ ನೆಲದಾಗ ಜೋಳ ತುಂಬಿಡೋ ಹಗೇವಿನ್ಯಾಗ ಬಚ್ಚಿಟ್ಟಿದ್ಲಂತರಿ ಮೇಡಂ."

"ಆಮ್ಯಾಲ?" ಎಂದರು ಅವರು, ನಾನು ಬಂದದ್ದು ಗೊತ್ತೇ ಇಲ್ಲದೆ.

ಆ ವರ್ಷವೆಲ್ಲ ಅವರ ತರಗತಿ ಹಾಗೇ ನಡೆಯಿತು. ಮರುವರ್ಷ ಆ ಹುದ್ದೆಗೆ ಕಾಯಂ ಉಪನ್ಯಾಸಕರು ಬಂದರು. ಇವರ ಕೆಲಸ ಹೋಯಿತು. ನಾನು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ರಾಣೆಬೆನ್ನೂರಿನ ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

"ಕಲಿಸೂದು ಅಂದ್ರ ಏನಂತ ಈಗ ತಿಳ್ಯಾಕತ್ತಿತ್ತು ನೋಡ್ರಿ ಸರ್" ಎಂದರು.