ಮಡಿ ಸೀರೆಯ ಕೆಳಗಿನ ವೈರು

ದ್ವಾದಶಿಯ ದಿನ ನಮ್ಮ ಮನೆಯ ಒಲೆ ಸೂರ್ಯನಿಗಿಂತ ಮೊದಲು ಎದ್ದಿರುತ್ತಿತ್ತು. ಹಿಂದಿನ ದಿನವೆಲ್ಲ ಬರೀ ನೀರಿನ ಮೇಲಿದ್ದ ಅತ್ತೆಯವರಿಗೆ ಬೆಳಕು ಹರಿಯುತ್ತಲೇ ಪಾರಣೆ ಆಗಬೇಕು. ಆ ಐತವಾರವೂ ಹಾಗೆಯೇ ಆಯಿತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ತೊವ್ವೆ, ಹಬೆಯಾಡುವ ಅನ್ನ. ಎಲೆಯ ಮುಂದೆ ಕೂರುವ ಮೊದಲೇ ಅತ್ತೆಯವರು ಮರುದಿನದ ಮಡಿ ಸೀರೆಯನ್ನು ಹಿಂಡಿ, ಮಾಳಿಗೆಯ ಗಳದ ಮೇಲೆ ಕೋಲಿನಿಂದ ಹರವಿ ಬಂದಿದ್ದರು. ಅದರ ಅಂಚಿನಿಂದ ಪರ್ಸಿ ಕಲ್ಲಿನ ಮೇಲೆ ಬೀಳುವ ಹನಿಯ ಸದ್ದು ಅಡುಗೆಮನೆಯ ಬೆಳಕಿಂಡಿಯಿಂದ ಕೇಳುತ್ತಿತ್ತು. ಅದು ಒಣಗುವವರೆಗೆ ಮಡಿಯಲ್ಲಿಲ್ಲದ ಯಾರೂ ಮೇಲೆ ಹೋಗುವಂತಿರಲಿಲ್ಲ. ಆ ನೇಮಕ್ಕೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದರೆ, ಮೆಟ್ಟಿಲ ಕಡೆ ನೋಡುವಾಗಲೂ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಎರಡು ಸಾವಿರದ ಏಳೋ ಎಂಟೋ ಇಸವಿ, ತೊಗರಿ ರಾಶಿಯ ಕಾಲ. ಶಹಾಬಾದಿನ ನಮ್ಮ ಓಣಿಯಲ್ಲಿ ಮನೆಗಳು ಒಂದರ ಹೆಗಲಿಗೊಂದು ಆತುಕೊಂಡಿದ್ದವು. ಮಾಳಿಗೆಗಳ ನಡುವೆ ಮೊಳಕಾಲೆತ್ತರದ ಗೋಡೆ ಮಾತ್ರ. ಯಜಮಾನರು ವಾಡಿಯಲ್ಲಿ ರೈಲ್ವೆ ಡ್ಯೂಟಿಗೆ ಹೋಗಿದ್ದರು. ಊಟ ಮುಗಿಸಿದ ಅತ್ತೆಯವರು ಟಿವಿಯ ಮುಂದೆ ಕೂತರು. ಹಿಂದಿನ ದಿನವಷ್ಟೇ ಚಿತ್ತಾಪುರದಿಂದ ಬಂದವನೊಬ್ಬ ನಮ್ಮ ಮಾಳಿಗೆಯ ಮೇಲೆ ಡಿಶ್ ಕೂಡಿಸಿದ್ದ. ಕೇಬಲ್‌ನಲ್ಲಿ ದೇವರ ಮುಖದ ಮೇಲೆ ಇರುವೆ ಹರಿದಂತೆ ಕಾಣುತ್ತಿದ್ದದ್ದು ಈಗ ಕಣ್ಣಿಗೆ ಹಚ್ಚಿದ ಕಾಡಿಗೆಯವರೆಗೆ ಸ್ವಚ್ಛ. "ನೋಡವಾ, ಮೂಗಿನ ನತ್ತು ಸುದ್ದಾ ಹೊಳೀಲಿಕತ್ತದ" ಎಂದು ಅತ್ತೆಯವರು ನನ್ನನ್ನು ಕರೆದು ತೋರಿಸಿದರು.

ಆಗಲೇ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಅಕ್ಕ ನನ್ನನ್ನು ಕೂಗಿದರು. "ವೈನಿ, ನೆಟ್ ಬರವಲ್ದು ನೋಡ್ರಿ. ಡಬ್ಬಿ ಮ್ಯಾಗಿನ ಲೈಟು ಬರೇ ಪಿಳಿಪಿಳಿ ಅನ್ನಾಕತ್ತದ."

ಅಕ್ಕನ ಯಜಮಾನರದು ಕಿರಾಣಿ ಅಂಗಡಿ. ಒಬ್ಬಳೇ ಮಗಳು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮೈಸೂರಿನ ಕಡೆ ಅಂಥ ಮಕ್ಕಳ ಶಾಲೆಯಲ್ಲಿದ್ದಳು. ಫೋನು ಆ ತಾಯಿ ಮಗಳಿಗೆ ಯಾವ ಉಪಯೋಗಕ್ಕೂ ಬಾರದ ವಸ್ತು. ಅದಕ್ಕಾಗಿಯೇ ಅವರು ಕಂಪ್ಯೂಟರ್ ತಂದು, ಕೇಬಲ್‌ನವನಿಂದ ಇಂಟರ್‌ನೆಟ್ ಹಾಕಿಸಿದ್ದರು. ಪ್ರತಿ ಐತವಾರ ಹತ್ತಕ್ಕೆ ಶಾಲೆಯವರು ಮಕ್ಕಳನ್ನು ಇಂಟರ್‌ನೆಟ್ ಅಂಗಡಿಗೆ ಕರೆತರುತ್ತಿದ್ದರು. ಪರದೆಯ ಮೇಲೆ ಮನೆಯವರ ಮುಖ ನೋಡಲು ಒಬ್ಬೊಬ್ಬರಿಗೂ ಸ್ವಲ್ಪ ಹೊತ್ತು, ಹಿಂದೆ ಸಾಲು. ಇಲ್ಲಿ ಮೌಸ್ ಹಿಡಿಯುತ್ತಿದ್ದವಳು ನಾನು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ನನಗೆ ಮದುವೆಯ ನಂತರ ಉಪಯೋಗಕ್ಕೆ ಬಂದದ್ದು ಆ ಪರದೆಯ ಮುಂದೆಯೇ. ತಾಯಿ ಮಗಳು ಕೈಯಲ್ಲೇ ಮಾತಾಡುತ್ತಿದ್ದರು. ಕೊರಳಿಗೆ ಬೆರಳು ತಾಗಿಸಿದರೆ ನೀರು, ಕೆನ್ನೆ ಉಬ್ಬಿಸಿದರೆ ದಪ್ಪಗಾಗಿದ್ದೀ ಎಂದು. ನೋಡುತ್ತ ನೋಡುತ್ತ ನನಗೂ ಅರ್ಧ ತಿಳಿಯುತ್ತಿತ್ತು.

ಆ ವಾರ ಹುಡುಗಿಗೆ ಜ್ವರ ಬಂದಿತ್ತು. ಶಾಲೆಯವರು ಕಿರಾಣಿ ಅಂಗಡಿಗೆ ಫೋನು ಮಾಡಿ ಈಗ ಇಳಿದಿದೆ ಎಂದಿದ್ದರು. "ಅವ್ರ್ ಹೇಳಿದ್ರ ಏನಾತ್ರಿ, ಮಾರಿ ನೋಡಬೇಕು ನಾ" ಎಂದು ಅಕ್ಕ ಮೂರು ದಿನದಿಂದ ಐತವಾರದ ದಾರಿ ಕಾಯುತ್ತಿದ್ದರು.

ನಾನು ಹೋಗಿ ಗೊತ್ತಿದ್ದಷ್ಟು ಮಾಡಿದೆ. ಮೋಡೆಮ್ ಆರಿಸಿ ಹಚ್ಚಿದೆ. ವೈರಿನ ಪಿನ್ನು ತಿರುವಿ ತೆಗೆದು, ನಡುವಿನ ತಾಮ್ರದ ಎಳೆ ಮುರಿದಿದೆಯೇ ನೋಡಿ, ಮತ್ತೆ ಬಿಗಿದೆ. ಲೈಟು ಮಿನುಗಿತೇ ಹೊರತು ನಿಲ್ಲಲಿಲ್ಲ. ಕೇಬಲ್‌ನವನಿಗೆ ಫೋನು ಮಾಡಿದೆವು. ಲೂನಾ ಮೇಲೆ ಬಂದವನು ಮೊದಲು ಕಂಪ್ಯೂಟರಿಗೆ ಬೈದ, ಆಮೇಲೆ ಕರೆಂಟಿಗೆ. ಹೊಸ ಪಿನ್ನು ಹಾಕಿದ. ಬೀದಿಯ ಕಂಬ ಹತ್ತಿ ಇಳಿದು, "ಕಂಬಕ್ಕ ಸಿಗ್ನಲ್ ಝಕಾಸ್ ಅದ. ನಡುವ ಎಲ್ಲೋ ಕಡದಾದ" ಎಂದ. ಹಾಗೆಂದು ನನ್ನತ್ತ ತಿರುಗಿದ. "ಇವ್ರ ಲೈನು ನಿಮ್ಮ ಮಾಳಗಿ ಮ್ಯಾಲಿಂದನ ಬರ್ತದಲ್ರಿ ತಾಯಿ. ಅಂದಂಗ, ಡಿಶ್ಶಿನ ಛತ್ರಿ ಹಾಕ್ಸೀರಂತ? ಹಾಕ್ಸ್ರಿ, ಹಾಕ್ಸ್ರಿ. ಮಳಿ ಬಂದ್ರ ನಮಗಿಂತ ಮೊದಲ ಅದೇ ಒಳಗ ಓಡ್ತದ."

ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ದಿನದ ಸಂಜೆ ಕಣ್ಣ ಮುಂದೆ ಬಂತು. ಡಿಶ್‌ನವನು ಗಳದ ಕಂಬಕ್ಕೆ ಕಟ್ಟಿದ್ದ ಪುಟ್ಟ ತಗಡಿನ ಜೋಡಣೆ ಡಬ್ಬಿಯನ್ನು ತೋರಿಸಿ, "ಇದು ಕೇಬಲಿಂದು, ಬೇಕೇನ್ರಿ?" ಎಂದು ಕೇಳಿದ್ದ. ಅಲ್ಲಿಂದ ಒಂದು ಕವಲು ನಮ್ಮ ಟಿವಿಗೆ, ಇನ್ನೊಂದು ಅಕ್ಕನ ಮನೆಗೆ. ಎರಡೂ ಕರಿ ವೈರು, ಒಂದೇ ದಪ್ಪ. ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ. "ಬ್ಯಾಡ, ತೆಗದುಬಿಡ್ರಿ" ಎಂದು ಇಳಿದುಹೋಗಿದ್ದೆ.

ಕೇಬಲ್‌ನವನು ನಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಒಳಗಿನಿಂದ ಅತ್ತೆಯವರು, "ಯಾರಪಾ ಅದು? ಮ್ಯಾಲ ಮಡಿ ಅದ ನೋಡು" ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮಳೆ ಬರುವಂತಿದೆ ಎನ್ನುವ ಹಾಗೆ ಹೇಳಿದರು ಅಷ್ಟೆ. ಅವನೂ ಬೇಸರಿಸದೆ ಕಾಲು ಹಿಂದೆ ತೆಗೆದ. "ಹಂಗಾದ್ರ ನಾ ಆ ಕಡಿ ಮಾಳಗಿಗಿ ಹೋಗ್ತೀನ್ರಿ. ನೀವ ಮ್ಯಾಲ ಬರ್ರಿ, ನಾ ಹೇಳಿದಂಗ ಮಾಡ್ರಿ."

ಆದರೆ ನಾನೂ ಆಗ ಮಡಿಯಲ್ಲಿರಲಿಲ್ಲ. ಪಕ್ಕದ ಮನೆಗೆ ಹೋಗಿ ಬಂದವಳು.

ಗಡಿಯಾರ ಹತ್ತು ದಾಟಿತ್ತು. ಅತ್ತೆಯವರ ಹತ್ತಿರ ಹೋಗಿ, ಮೇಲೆ ಹೋಗುತ್ತೇನೆ, ಸೀರೆ ಮತ್ತೆ ಒಗೆದು ಹಾಕುತ್ತೇನೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲು ಹೆದರಿದೆನೇ? ಹೆದರಿಕೆಯೂ ಅಲ್ಲ. ಒಳ್ಳೆಯ ಸೊಸೆ ಎನಿಸಿಕೊಂಡವಳಿಗೆ ಕೇಳದೇ ಇರುವುದೇ ಸುಲಭ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿದೆ. ತಣ್ಣೀರು ತಲೆಯ ಮೇಲೆ ಸುರಿದುಕೊಂಡೆ, ಒಂದು ತಂಬಿಗೆಯ ಮೇಲೆ ಇನ್ನೊಂದು. ಗೋಡೆಯ ಆಚೆಯೇ ಅಕ್ಕನ ಕಂಪ್ಯೂಟರ್ ಕೋಣೆ. ಅವರು ಕುರ್ಚಿ ಸರಿಸಿದ್ದು ನನಗೆ ಕೇಳಿತು.

ಒದ್ದೆ ಸೀರೆಯಲ್ಲಿ ಮೇಲೆ ಹೋದೆ. ಡಿಶ್‌ನವನು ತಗಡಿನ ಡಬ್ಬಿ ಬಿಚ್ಚಿಕೊಂಡು ಹೋಗಿದ್ದ. ವೈರಿನ ತುದಿಗಳು ಮಡಿ ಸೀರೆಯ ನೆರಳಿನಲ್ಲಿ ಅನಾಥವಾಗಿ ಬಿದ್ದಿದ್ದವು. ಆಚೆಯ ಮಾಳಿಗೆಯಲ್ಲಿ ಒಣಹಾಕಿದ ತೊಗರಿಯ ನಡುವೆ ಕಾಲೂರಲು ಜಾಗ ಹುಡುಕುತ್ತ ನಿಂತವನು ಗೋಡೆಯ ಮೇಲೆ ಒಂದು ಹಿತ್ತಾಳೆಯ ಜಾಯಿಂಟ್ ಇಟ್ಟು ದೂರ ಸರಿದ. ಸದ್ದು ಕೇಳಿ ಕೆಳಗಿನಿಂದ ಅತ್ತೆಯವರು, "ನೀರ್ ಚಿಮುಕಿಸಿ ತಗೋವಾ, ಮಡಿ ಆಗ್ತದ" ಎಂದರು.

"ಅದೊಂದ್ ಮಾಡಬ್ಯಾಡ್ರಿ ತಾಯಿ" ಎಂದ ಅವನು ಮೆಲ್ಲಗೆ. "ನೀರ್ ಕುಡದ್ರ ಅದು ಮಲಕ್ಕೋತದ."

ಒಣದಾಗಿಯೇ ಎತ್ತಿಕೊಂಡೆ. ಅಲ್ಲಿಗೆ ನನ್ನ ಮಡಿ ಮುಗಿದಿತ್ತು. ಆದರೂ ಸೀರೆ ತಾಗದಂತೆ ಬಗ್ಗಿ ಬಗ್ಗಿ ಕೆಲಸ ಮಾಡಿದೆ. ಚಳಿಗೆ ಬೆರಳು ಸೆಟೆದಿದ್ದವು. ಮೊದಲು ತಪ್ಪು ವೈರು ಹಿಡಿದು ಬಿಚ್ಚಿದೆ.

"ಟೀವಿ ಹೋತವಾ" ಎಂದರು ಅತ್ತೆಯವರು ಕೆಳಗಿನಿಂದ.

"ಅದು ಛತ್ರಿದ್ರಿ. ಅದರ ಬಾಜೂಕಿಂದು, ಬೀದಿ ಕಂಬದ ಕಡಿಂದ ಬಂದದ್ದು" ಎಂದ ಕೇಬಲ್‌ನವನು.

ಡಿಶ್ಶಿನದು ಮೊದಲಿನ ಹಾಗೆ ಹಾಕಿ, ಬೀದಿ ಕಂಬದ ವೈರನ್ನು ಜಾಯಿಂಟಿನ ಒಂದು ಬಾಯಿಗೆ ತಿರುವಿದೆ, ಅಕ್ಕನ ಮನೆಯದನ್ನು ಇನ್ನೊಂದಕ್ಕೆ. ಕೆಳಗಿನಿಂದ ಅಕ್ಕನ ದನಿ ಬಂತು. "ನಿಂತ್ರಿ. ಲೈಟು ನಿಂತ್ರಿ. ಬರ್ರಿ ವೈನಿ, ಲಗೂ ಬರ್ರಿ."

ನೀರಿಳಿಸುತ್ತ ಓಡಿ ಅಕ್ಕನ ಪಕ್ಕ ಕೂತೆ. ಹೆಸರು ಹುಡುಕಿ ಒತ್ತಿದೆ. ಆ ಕಡೆ ಅಂಗಡಿಯವನೇ ಯಾರೋ ಒತ್ತಿರಬೇಕು, ಚಿತ್ರ ತೆರೆಯಿತು. ಖಾಲಿ ಕುರ್ಚಿ. ಅದರ ಹಿಂದೆ ಬಾಗಿಲು, ಬಾಗಿಲಲ್ಲಿ ಸಾಲಾಗಿ ಹೊರಗೆ ಹೋಗುತ್ತಿರುವ ಮಕ್ಕಳು. ಕೊನೆಯವಳ ಎರಡು ಜಡೆ, ಕೆಂಪು ರಿಬ್ಬನ್ನು. ಅಕ್ಕ ಎರಡೂ ಕೈ ಎತ್ತಿ ಪರದೆಯ ಮುಂದೆ ಬೀಸಿದರು. ನಾನು ಅವಳ ಹೆಸರು ಹಿಡಿದು ಕೂಗಿದೆ. ಕೂಗಿದ ಮೇಲೆ ನನಗೆ ನೆನಪಾಯಿತು. ಜಡೆಗಳು ಬಾಗಿಲು ದಾಟಿದವು. ಸ್ವಲ್ಪ ಹೊತ್ತಿಗೆ ಚಿತ್ರವೂ ಆರಿತು.

ಅಕ್ಕ ಕೈ ಇಳಿಸಿ ಮಡಿಲಲ್ಲಿಟ್ಟುಕೊಂಡರು. "ಜಡಿ ಅಂತೂ ಚಂದ ಹಾಕ್ಯಾರ" ಎಂದರು.

ನಾನು ಅಲ್ಲಿಯೇ ಹೇಳಿದೆ, ಡಿಶ್‌ನವನಿಗೆ ತೆಗೆ ಎಂದವಳು ನಾನೇ ಎಂದು. "ವೈರಿಂದು ನಿಮಗರೆ ನಮಗರೆ ಏನ್ ತಿಳೀತದ್ರಿ ವೈನಿ. ಕೆಲಸದಾಂವ ನೋಡಬೇಕಿತ್ತು ಅದನ್ನ" ಎಂದು ಅವರು ನನಗೇ ಸಮಾಧಾನ ಹೇಳಿದರು. ಕಾನ್ವೆಂಟಿನಲ್ಲಿ ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಯ ಮುಂದೆ ತಪ್ಪು ಹೇಳಿಕೊಳ್ಳಲು ಒಳಗೆ ಹೋಗುವಾಗ ನಾವು ಹೊರಗಿನ ಬೆಂಚಿನ ಮೇಲೆ ಕ್ರೋಶಾ ಹೆಣಿಗೆ ಹಾಕುತ್ತ ಕೂರುತ್ತಿದ್ದೆವು. ಅವರು ಹಗುರಾಗಿ ಹೊರಗೆ ಬರುತ್ತಿದ್ದರು. ನಾನು ಹಗುರಾಗಲಿಲ್ಲ, ಏಕೆಂದರೆ ಹೇಳಿದ್ದು ಅರ್ಧ. ವೈರು ತಿಳಿಯದೆ ಮಾಡಿದ್ದು. ಸ್ನಾನ, ಹೊತ್ತು ಮೀರುತ್ತದೆಂದು ತಿಳಿದೇ ಮಾಡಿದ್ದು.

ಮನೆಗೆ ಬಂದಾಗ ಅತ್ತೆಯವರು ಟಿವಿ ಆರಿಸಿ ಕೂತಿದ್ದರು. "ಕೂಸಿನ ಮಾರಿ ಕಾಣಸ್ತೇನು?"

ಇಲ್ಲ ಎಂದೆ. ಹೊತ್ತಾಯಿತು ಎಂದೆ.

ಅವರು ನನ್ನ ಒದ್ದೆ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. "ಒಂದ್ ಮಾತ್ ನನಗ ಹೇಳಬಾರದೇನವಾ? ಸೀರಿ ಮತ್ತ ಒಗೀತಿದ್ದೆ. ಸೀರಿಗೇನು." ಅಷ್ಟೇ ಹೇಳಿ ಎದ್ದು ದೇವರ ಮನೆಗೆ ಹೋದರು. ಇಷ್ಟು ವರ್ಷ ಅವರ ನೇಮವೆಂದು ನಾನು ಹೊತ್ತುಕೊಂಡಿದ್ದರಲ್ಲಿ ಅವರದೆಷ್ಟು, ನನ್ನದೆಷ್ಟು ಎಂದು ಅಡುಗೆಮನೆಯಲ್ಲಿ ಪಾತ್ರೆ ಬೋರಲು ಹಾಕುತ್ತ ಯೋಚಿಸಿದೆ. ಮಧ್ಯಾಹ್ನವಿಡೀ ಹಿಡಿದ ಕೆಲಸವೆಲ್ಲ ಎರಡೆರಡು ಸಲ ಮಾಡಿದೆ.

ಸಂಜೆ ಸೀರೆ ತರಲು ಕೋಲು ಹಿಡಿದು ಮಾಳಿಗೆ ಹತ್ತಿದೆ. ಒಣಗಿ ಹಪ್ಪಳದಂತಾಗಿತ್ತು. ಅದರ ಹಿಂದೆ ಡಿಶ್ಶು ಆಕಾಶಕ್ಕೆ ಮುಖ ಮಾಡಿ ಕೂತಿತ್ತು. ಆಚೆಯ ಮಾಳಿಗೆಯಲ್ಲಿ ಅಕ್ಕ ಮೊರದಲ್ಲಿ ತೊಗರಿ ಕೇರುತ್ತಿದ್ದರು. ಹೊಟ್ಟು ಬಿಸಿಲಿನಲ್ಲಿ ಬಂಗಾರದಂತೆ ಹಾರುತ್ತಿತ್ತು. ಶಾಲೆಯವರು ಮತ್ತೆ ಫೋನು ಮಾಡಿದ್ದರಂತೆ. ಹುಡುಗಿ ನಮ್ಮ ದಾರಿ ನೋಡಿ ನೋಡಿ ತನ್ನ ಪಾಳಿಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟಿದ್ದಳಂತೆ. ಕೊನೆಯವರೆಗೂ ಬಾಗಿಲ ಹತ್ತಿರ ನಿಂತಿದ್ದಳಂತೆ. "ಮುಂದಿನ ಐತಾರ ಅದಲ್ಲ" ಎಂದರು ಅಕ್ಕ.

ಈಗಲಾದರೂ ಉಳಿದರ್ಧ ಹೇಳಬೇಕೆಂದು ಗೋಡೆಯ ಹತ್ತಿರ ಹೋದೆ. ಅಕ್ಕ ಮೊರ ನಿಲ್ಲಿಸದೆ, ಕಾಳಿನಿಂದ ಕಣ್ಣು ತೆಗೆಯದೆ ಅಂದರು:

"ತಲಿ ಇನ್ನಾ ಒಣಗಿಲ್ಲಲ್ರಿ ವೈನಿ ನಿಮ್ದು. ಮುಂಜಾನಿ ಎಷ್ಟ್ ಹೊತ್ತ್ ನೀರ್ ಹಾಕ್ಕೋತ ಇದ್ರಿ, ಗ್ವಾಡಿ ಈ ಕಡಿ ಕೇಳಸ್ತಿತ್ತು. ಥಂಡಿ ಹತ್ತೀತು, ಅರಿವಿ ಕಟ್ಕೋರಿ."